ಏಳನೇ ಪಾಠದ ಒಳಗಿನ ಧ್ವನಿ

ಗೋಕಾಕದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದ ಶೆಟ್ಟೆಪ್ಪನಿಗೆ ಒಂದೇ ಒಂದು ಹೆಮ್ಮೆ ಇತ್ತು. ತನ್ನ ಎದುರು ಆಡಿದ ಮಾತು ಯಾರದೇ ಇರಲಿ, ಎಂಥದೇ ಇರಲಿ, ಒಂದಕ್ಷರ ನೆಲಕ್ಕೆ ಬಿದ್ದಿಲ್ಲ ಎಂಬುದು. ಸಾಕ್ಷಿ ಕೆಮ್ಮಿದರೆ ‘ಸಾಕ್ಷಿ ಕೆಮ್ಮುತ್ತಾನೆ’ ಎಂದು ಬರೆಯುತ್ತಿದ್ದ. ವಕೀಲರಿಬ್ಬರು ಸಿಟ್ಟಿನಲ್ಲಿ ಬೈದಾಡಿಕೊಂಡರೆ ಆ ಬೈಗುಳವನ್ನೂ ಕಾಗುಣಿತ ತಪ್ಪದಂತೆ ಬರೆದಿಡುತ್ತಿದ್ದ. ಸಂಜೆ ಅವರೇ ಬಂದು, ಅದೊಂದು ಸಾಲು ತೆಗೆದುಬಿಡು ಮಾರಾಯಾ ಎಂದು ಗೋಗರೆದರೂ ತೆಗೆಯುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಈ ಚಟ ಮನೆಯವರ ಮೇಲೆ ತಿರುಗಿತು. ಹೆಂಡತಿ ಸತ್ತೆವ್ವ ಬೆಳಗ್ಗೆ ಆಡಿದ್ದನ್ನು ಸಂಜೆ ತುಸು ಬದಲಿಸಿ ಆಡಿದರೆ, "ಮುಂಜಾನೆ ಹತ್ತೂವರಿಗೆ ನೀ ಅಂದಿದ್ದು ಹಿಂಗಲ್ಲ" ಎಂದು ಆಕೆಯ ಮಾತನ್ನು ಆಕೆಗೇ ಒಪ್ಪಿಸುತ್ತಿದ್ದ. ಸತ್ತೆವ್ವ ನಾಲ್ಕು ತಿಂಗಳು ತಡೆದುಕೊಂಡಳು.

"ಎಲ್ಲೆರ ಒಂದ ಕೆಲಸ ನೋಡಕೋರಿ," ಎಂದಳು ಕೊನೆಗೆ. "ಇಲ್ಲಾಂದ್ರ ನಾ ಇನ್ನ ಮ್ಯಾಲ ಈ ಮನ್ಯಾಗ ಬಾಯಿ ತಗಿಯೂದ ಬಿಡತೇನಿ."

ಕೆಲಸ ತಾನಾಗಿ ಹುಡುಕಿಕೊಂಡು ಬಂತು. ಊರಿನ ಒಂದು ಕಾಲೇಜಿನ ಮೂಲೆಯ ಕೋಣೆಯಲ್ಲಿ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣ ಕೇಂದ್ರವಿತ್ತು. ಅದನ್ನು ನಡೆಸುತ್ತಿದ್ದವಳು ಐಶ್ವರ್ಯ ಎಂಬ ಚುರುಕು ಹುಡುಗಿ. ಬಿ.ಎ. ಪಾಠಗಳೆಲ್ಲ ವಿಡಿಯೋದಲ್ಲಿ ಬರುತ್ತಿದ್ದವು. ಕಿವಿ ಕೇಳದವರಿಗೂ ಪಾಠ ಮುಟ್ಟಬೇಕು, ಆದ್ದರಿಂದ ಪ್ರತಿ ವಿಡಿಯೋದ ಕೆಳಗೆ ಮಾತು ಅಕ್ಷರವಾಗಿ ಮೂಡಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಮೊದಲು ಆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಿದ್ದರು. ಪಾಪ, ಅದಕ್ಕೆ ಬೆಳಗಾವಿ ಕಡೆಯ ಕನ್ನಡ ಕೇಳಿ ರೂಢಿಯಿರಲಿಲ್ಲ. ಭೂಗೋಳದ ಪ್ರಾಧ್ಯಾಪಕರು ‘ಘಟಪ್ರಭಾ ನದಿ’ ಎಂದರೆ ಅದು ‘ಗಟ್ಟಿ ಪ್ರಭು ನಿಧಿ’ ಎಂದು ಬರೆಯಿತು. ‘ಸುಣ್ಣದ ಕಲ್ಲು’ ಎಂದರೆ ‘ಸಣ್ಣ ಕಳ್ಳ’ ಎಂದು ಬರೆಯಿತು. ಹುಕ್ಕೇರಿ ತಾಲೂಕಿನ ಯಮಕನಮರಡಿಯಿಂದ ನಾಗರತ್ನಾ ಎಂಬ ವಿದ್ಯಾರ್ಥಿನಿ ಕೇಂದ್ರಕ್ಕೆ ಒಂದು ಪತ್ರ ಹಾಕಿದಳು: ‘ಗಟ್ಟಿ ಪ್ರಭು ಯಾವ ರಾಜವಂಶದವನು? ಅವನ ನಿಧಿ ಈಗ ಎಲ್ಲಿದೆ? ಸಣ್ಣ ಕಳ್ಳನೇ ಒಯ್ದನೆಂದು ತಿಳಿಯಬೇಕೇ? ಪರೀಕ್ಷೆಗೆ ಬರುವುದಾದರೆ ದಯವಿಟ್ಟು ತಿಳಿಸಿ.’

ಪತ್ರ ಓದಿದ ಐಶ್ವರ್ಯ ಅದೇ ದಿನ ಶೆಟ್ಟೆಪ್ಪನ ಮನೆಗೆ ಬಂದಳು.

"ಏನ ಕೇಳತೈತಿ, ಅದನ್ನ ಬರೀಬೇಕು. ಹೌದಲ್ಲ?" ಎಂದು ಶೆಟ್ಟೆಪ್ಪ ಖಾತ್ರಿ ಮಾಡಿಕೊಂಡ.

"ಹೌದ್ರಿ ಕಾಕಾ. ಅಷ್ಟ."

ಆ ‘ಅಷ್ಟ’ದಲ್ಲಿ ಎಷ್ಟು ಅಡಗಿದೆ ಎಂದು ಆ ಹುಡುಗಿಗೆ ಆಗ ಗೊತ್ತಿರಲಿಲ್ಲ.

ಭೂಗೋಳದ ಪ್ರಾಧ್ಯಾಪಕ ಸೋಮಶೇಖರರು ಮೂಡಲಗಿಯವರು. ಕ್ಯಾಮೆರಾ ಎದುರು ಕುಳಿತರೆ ಅಚ್ಚುಹಾಕಿದ ಪುಸ್ತಕದಂತೆ ಮಾತಾಡುವವರು. ತುಟಿ ಮುಚ್ಚುವಷ್ಟು ದಪ್ಪ ಮೀಸೆ. ಮನೆಯ ಪಡಸಾಲೆಯಲ್ಲಿ ಮೊಬೈಲನ್ನು ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ, ಹಿಂದೆ ನಕ್ಷೆ ತೂಗುಹಾಕಿ ಪಾಠ ಮಾಡುತ್ತಿದ್ದರು. ಪಡಸಾಲೆಯ ಗೋಡೆಯ ಆಚೆಗೇ ಅಡುಗೆಮನೆ. ವಿಡಿಯೋ ಕತ್ತರಿಸಿ ಜೋಡಿಸುವುದು ಅವರಿಗೆ ಬರುತ್ತಿರಲಿಲ್ಲ, ಕೇಂದ್ರದಲ್ಲಿ ಅದಕ್ಕೆ ಬೇರೆ ಜನವೂ ಇರಲಿಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೇ ವಿದ್ಯಾರ್ಥಿಗಳಿಗೆ ಹೋಗುತ್ತಿತ್ತು.

ಶೆಟ್ಟೆಪ್ಪ ಕಿವಿಗೆ ಹೆಡ್‌ಫೋನ್ ಏರಿಸಿ ಮೊದಲ ಪಾಠಕ್ಕೆ ಕುಳಿತ. ಮೂವತ್ತೊಂದು ವರ್ಷದ ಕೈ. ಸಂಜೆಯೊಳಗೆ ಪಾಠ ಮುಗಿಯಿತು. ಅದರಲ್ಲೊಂದು ತುಣುಕು ಹೀಗಿತ್ತು:

ಪ್ರೊ. ಸೋಮಶೇಖರ: ಜಲಸಂಪನ್ಮೂಲವು ಯಾವುದೇ ನಾಡಿನ ಜೀವಾಳವಾಗಿದೆ.
(ಕುಕ್ಕರ್ ಸೀಟಿ. ಎರಡನೆಯದು.)
ಒಳಗಿನ ಧ್ವನಿ: ನಿಮ್ಮ ಜಲಸಂಪನ್ಮೂಲ ಆಮ್ಯಾಲ ಹೇಳ್ರಿ, ನಳಕ್ಕ ನೀರ ಬಂದಾವು!
ಪ್ರೊ. ಸೋಮಶೇಖರ: ಬಂದೆ, ಬಂದೆ.
(ಪ್ರಾಧ್ಯಾಪಕರು ಎದ್ದು ಹೋಗುತ್ತಾರೆ. ಕೊಡಕ್ಕೆ ನೀರು ಬೀಳುವ ಸಪ್ಪಳ, ನಾಲ್ಕು ನಿಮಿಷ.)
ಪ್ರೊ. ಸೋಮಶೇಖರ: ಎಲ್ಲಿಗೆ ಬಂದಿದ್ದೆವು? ಹಾಂ. ನೀರಿನ ಅಭಾವ.

ಒಳಗಿನಿಂದ ಮಾತಾಡಿದವರು ಯಾರೆಂದು ಶೆಟ್ಟೆಪ್ಪನಿಗೆ ಹೆಸರು ಸಮೇತ ಗೊತ್ತಿರಲಿಲ್ಲ. ಹೆಂಡತಿಯೇ ಇರಬೇಕು ಎಂದು ಊಹಿಸಬಹುದಿತ್ತು. ಆದರೆ ಊಹೆಯನ್ನು ದಾಖಲೆಯಲ್ಲಿ ಬರೆಯುವ ಜಾತಿಯವನಲ್ಲ ಅವನು. ಆದ್ದರಿಂದ ‘ಒಳಗಿನ ಧ್ವನಿ’ ಎಂದಷ್ಟೇ ಬರೆದ.

ವಾರದಲ್ಲಿ ನಾಗರತ್ನಾಳಿಂದ ಇನ್ನೊಂದು ಪತ್ರ ಬಂತು. ಈಗ ಪಾಠ ಪೂರ್ತಿ ತಿಳಿಯುತ್ತಿದೆ, ಬರೆಯುತ್ತಿರುವವರಿಗೆ ನಮಸ್ಕಾರ ಎಂದು ಬರೆದಿದ್ದಳು. ಕೆಳಗೆ ಇನ್ನೆರಡು ಸಾಲು: ‘ಸರ್ ಅವರ ಅಂತರಾತ್ಮವು ಪಾಠದ ನಡುನಡುವೆ ಮಾತಾಡುವುದು ನನಗೆ ಬಹಳ ಹಿಡಿಸಿತು. ಇಷ್ಟು ಪ್ರಾಮಾಣಿಕ ಅಧ್ಯಾಪಕರನ್ನು ನಾನು ಕಂಡಿರಲಿಲ್ಲ.’

ಮೂರನೇ ಪಾಠದಲ್ಲಿ ಆ ಅಂತರಾತ್ಮ, "ನಾ ಉಂಡೇನಿ, ನೀವ ಬಡಿಸಿಕೋರಿ" ಎಂದಿತು. ಪ್ರಾಧ್ಯಾಪಕರು "ಆತು ಚನ್ನವ್ವಾ" ಎಂದರು. ಆಗ ನಾಗರತ್ನಾಳಿಗೆ ವಿಷಯ ಹೊಳೆಯಿತು. ನಾಲ್ಕನೇ ಪಾಠದಲ್ಲಿ ಚನ್ನವ್ವನ ಮಂಡಿನೋವು ಬಂತು. ಐದನೇ ಪಾಠದಲ್ಲಿ, ದಖ್ಖನ್ ಪ್ರಸ್ಥಭೂಮಿಯ ಕಪ್ಪು ಮಣ್ಣಿನ ಗುಣಲಕ್ಷಣಗಳ ನಡುವೆ, ಬದನೆಕಾಯಿ ತರದೆ ಬಂದದ್ದಕ್ಕಾಗಿ ಪ್ರಾಧ್ಯಾಪಕರಿಗೆ ಆರೂವರೆ ನಿಮಿಷ ಮಂಗಳಾರತಿಯಾಯಿತು. ಶೆಟ್ಟೆಪ್ಪ ಎಲ್ಲವನ್ನೂ ಬರೆದ. ಕಪ್ಪು ಮಣ್ಣಿಗೆ ಕೊಟ್ಟಷ್ಟೇ ನಿಷ್ಠೆಯನ್ನು ಬದನೆಕಾಯಿಗೂ ಕೊಟ್ಟ.

ಸೋಮಶೇಖರರು ತಮ್ಮ ವಿಡಿಯೋಗಳನ್ನು ತಾವು ನೋಡುತ್ತಿರಲಿಲ್ಲ. ಒಂದು ರವಿವಾರ ಕಟಿಂಗ್ ಅಂಗಡಿಗೆ ಹೋಗಿದ್ದರು. ಸರದಿಗಾಗಿ ಕೂತ ನಾಲ್ಕು ಮಂದಿ ಒಂದು ಮೊಬೈಲಿಗೆ ತಲೆಕೊಟ್ಟು, ಧ್ವನಿ ಬಂದ್ ಮಾಡಿಕೊಂಡು ಏನನ್ನೋ ಓದಿ ಓದಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಇವರನ್ನು ಕಂಡು ಒಬ್ಬ ಎದ್ದು ನಿಂತ.

"ನಮಸ್ಕಾರ್ರಿ ಸರ. ಮತ್ತ ಬದನಿಕಾಯಿ ಸಿಕ್ಕೂವಿಲ್ಲೊ?"

ಅರ್ಧ ಕಟಿಂಗಿಗೇ ಎದ್ದು ಮನೆಗೆ ಬಂದರು. ಐದೂ ಪಾಠ ತೆರೆದು ಕೆಳಗಿನ ಅಕ್ಷರ ಓದಿದರು. ಆಮೇಲೆ ಶೆಟ್ಟೆಪ್ಪನ ನಂಬರು ಹುಡುಕಿ ಹಚ್ಚಿದರು.

"ಮಾನ್ಯರೇ, ತಾವು ನನ್ನ ಉಪನ್ಯಾಸದ ಗಾಂಭೀರ್ಯಕ್ಕೆ ಧಕ್ಕೆ ತಂದಿರುತ್ತೀರಿ," ಎಂದು ಶುರು ಮಾಡಿದವರು ಎರಡನೇ ವಾಕ್ಯಕ್ಕೇ ಮೂಡಲಗಿಗೆ ಇಳಿದರು. "ಏನ್ರಿ ನೀವು! ಪಾಠ ಬರೀರಿ ಅಂದ್ರ ನಮ್ಮ ಸಂಸಾರ ಬರದ ಬಿಟ್ಟೀರಲ್ಲ!"

"ರೆಕಾರ್ಡಿನ್ಯಾಗ ಇದ್ದದ್ದ ಬರದೇನ್ರಿ ಸರ. ಹೆಚ್ಚಿಲ್ಲ, ಕಡಿಮಿಲ್ಲ."

"ಕುಕ್ಕರ್ ಸೀಟಿ ಎಣಿಸೀರಿ!"

"ಮೂರನೇ ಪಾಠದಾಗ ಒಂದ ಬಿಟ್ಟಿತ್ರಿ. ತಿದ್ದೇನಿ."

ಪ್ರಾಧ್ಯಾಪಕರು ಫೋನಿಟ್ಟು ಐಶ್ವರ್ಯಳಿಗೆ ಹಚ್ಚಿದರು. ಐಶ್ವರ್ಯ ಶೆಟ್ಟೆಪ್ಪನನ್ನು ಕರೆಸಿ, ಇನ್ನು ಮುಂದೆ ಪಾಠ ಮಾತ್ರ ಸಾಕು ಕಾಕಾ ಎಂದಳು. ಶೆಟ್ಟೆಪ್ಪ ಮುಖ ಬಿಗಿದುಕೊಂಡು, ಬಾಯಿಮಾತಿನ ಆದೇಶ ನಡೆಯುವುದಿಲ್ಲ, ಲಿಖಿತ ಬೇಕು ಎಂದ. ಪಾಪದ ಹುಡುಗಿ ಗಡಿಬಿಡಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟಳು: ‘ಪ್ರಾಧ್ಯಾಪಕರು ಪಾಠದ ಬಗ್ಗೆ ಆಡಿದ ಮಾತು ಮಾತ್ರ ಇರತಕ್ಕದ್ದು. ಬೇರೆಯವರ ಮಾತು, ಅವರಿಗೆ ಕೊಟ್ಟ ಉತ್ತರ, ಸಪ್ಪಳ ಯಾವುದೂ ಬೇಡ.’

ಆರನೇ ಪಾಠ ಹೇಗೋ ಮುಗಿಯಿತು. ಏಳನೆಯದು ಕೃಷ್ಣಾ ನದಿ ಮತ್ತು ಅದರ ಉಪನದಿಗಳು. ಹನ್ನೆರಡನೇ ನಿಮಿಷಕ್ಕೆ ಸೋಮಶೇಖರರು ನಕ್ಷೆಯ ಮೇಲೆ ಕೋಲಿಟ್ಟು, "ಘಟಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ," ಎಂದರು.

ಗೋಡೆಯ ಆಚೆಯಿಂದ ಪಾತ್ರೆ ಕೆಳಗಿಟ್ಟ ಸಪ್ಪಳ ಬಂತು. ಹಿಂದೆಯೇ ಚನ್ನವ್ವನ ದನಿ. "ಕೂಡಲಸಂಗಮಕ್ಕ ಬರೂದು ಮಲಪ್ರಭಾರಿ! ಘಟಪ್ರಭಾ ಕೂಡೂದು ಚಿಕ್ಕಸಂಗಮದಾಗ. ನನ್ನ ತವರಮನಿ ಬಾಜೂಕ ಐತಿ, ನನಗ ಗೊತ್ತಿಲ್ಲೇನು?"

"ಹೌದ್ ಹೌದು, ನೀ ಹೇಳೂದ ಖರೆ," ಎಂದರು ಪ್ರಾಧ್ಯಾಪಕರು, ಆ ಕಡೆ ತಿರುಗಿ. ಆಮೇಲೆ ಕೆಮ್ಮಿ ಮುಂದಿನ ನದಿಗೆ ಹೋದರು.

ಶೆಟ್ಟೆಪ್ಪನ ಬೆರಳು ಕೀಲಿಗಳ ಮೇಲೆ ನಿಂತವು. ಅಲ್ಲೇ ಆದೇಶದ ಕಾಗದವಿತ್ತು. ಬೇರೆಯವರ ಮಾತು ಬೇಡ. ಅವರಿಗೆ ಕೊಟ್ಟ ಉತ್ತರ ಬೇಡ. ಹಾಗೆ ಮಾಡಿದರೆ ಉಳಿಯುವುದು ಪ್ರಾಧ್ಯಾಪಕರ ತಪ್ಪು ಒಂದೇ. ಐಶ್ವರ್ಯಳಿಗೆ ಒಂದು ಫೋನು ಹಚ್ಚಿದ್ದರೆ ಮುಗಿಯುತ್ತಿತ್ತು. ಹಚ್ಚಲಿಲ್ಲ, ಪ್ರಾಧ್ಯಾಪಕರ ತಪ್ಪನ್ನಷ್ಟೇ ಬರೆದು ಮುಂದೆ ಹೋದ. ಬೇಡ ಅಂದವರು ಅವರು ತಾನೇ, ಅನುಭವಿಸಲಿ ಎಂಬ ಒಂದು ಸಣ್ಣ ಸಿಟ್ಟು ಎದೆಯಲ್ಲಿ ಕೂತಿತ್ತು. ಅನುಭವಿಸುವವರು ಯಾರು ಎಂದು ಅವನು ಯೋಚಿಸಲಿಲ್ಲ. ಆ ದಿನ ಚಹಾ ಅರ್ಧ ಬಿಟ್ಟು ಎದ್ದ. ಸತ್ತೆವ್ವ ಯಾಕೆಂದು ಕೇಳಿದ್ದಕ್ಕೆ ಸಕ್ಕರೆ ಹೆಚ್ಚಾಗಿದೆ ಎಂದು ನೆಪ ಹೇಳಿದ.

ಎರಡು ವಾರ ಕಳೆದು, ಒಂದು ಶನಿವಾರ ನಾಗರತ್ನಾ ಬಸ್ಸು ಹಿಡಿದು ನೇರ ಗೋಕಾಕಿಗೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಯಮಕನಮರಡಿಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟವಳು. ಕುರಿ ಕಾಯುವ ಮನೆತನದ ಶಿದ್ರಾಮನ ಮಗಳು. ಒಂಬತ್ತನೇ ವರ್ಷದಲ್ಲಿ ಬಂದ ಜ್ವರ ಕಿವಿಯನ್ನು ಒಯ್ದಿತ್ತು, ಮಾತನ್ನು ಉಳಿಸಿತ್ತು. ತನ್ನ ದನಿ ತನಗೆ ಕೇಳದ್ದರಿಂದ ತುಸು ಗಟ್ಟಿಯಾಗಿ, ಏರಿಳಿತವಿಲ್ಲದೆ ಮಾತಾಡುತ್ತಿದ್ದಳು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಶೆಟ್ಟೆಪ್ಪ ಆಗ ಕೇಂದ್ರದಲ್ಲೇ ಇದ್ದ.

ಅವಳು ಚೀಲದಿಂದ ಮನೆಪಾಠದ ಹಾಳೆ ತೆಗೆದು ಐಶ್ವರ್ಯಳ ಮೇಜಿನ ಮೇಲಿಟ್ಟಳು. ‘ಘಟಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ಬದಿಗೆ ಸೋಮಶೇಖರರ ದುಂಡು ಅಕ್ಷರ: ‘ನದಿಗೆ ದಾರಿ ತಪ್ಪಿಸಿದ್ದೀರಿ. ಪಾಠವನ್ನು ಕಿವಿಗೊಟ್ಟು ಕೇಳತಕ್ಕದ್ದು.’

"ನಮ್ಮ ಬ್ಯಾಚಿನ್ಯಾಗ ಎಲ್ಲಾರದೂ ಬರೋಬ್ಬರಿ ಬಂದೈತ್ರಿ," ಎಂದಳು ನಾಗರತ್ನಾ. "ನಾ ಒಬ್ಬಾಕಿನ ತಪ್ಪ. ಏಳನೇ ಪಾಠ ಮೂರ ಸಲ ನೋಡೇನಿ. ಅವರಿಗೆ ಬ್ಯಾರೆ ಪಾಠ ಕಳಿಸಿರೇನು? ಮತ್ತ ಇನ್ನೊಂದ. ಚನ್ನವ್ವ ಕಾಕು ಆರನೇ ಪಾಠದಿಂದ ಮಾತ ಬಿಟ್ಟಾರ. ಅವರು ಆರಾಮ ಅದಾರಿಲ್ಲೊ?"

ಐಶ್ವರ್ಯ ಶೆಟ್ಟೆಪ್ಪನ ಮುಖ ನೋಡಿದಳು. ಶೆಟ್ಟೆಪ್ಪ ಕೆಂಪು ಗೆರೆ ನೋಡುತ್ತಿದ್ದ. ಕೋರ್ಟಿನಲ್ಲಿ ಅಷ್ಟು ವರ್ಷ ಅವನು ಬರೆದದ್ದರಿಂದ ಯಾರಿಗೂ ಅನ್ಯಾಯವಾಗಿರಲಿಲ್ಲ. ಈಗ ಬಿಟ್ಟದ್ದರಿಂದ ಆಗಿತ್ತು. ಒಂದು ಖಾಲಿ ಹಾಳೆ ಎಳೆದುಕೊಂಡ. ಏಳನೇ ಪಾಠದ ಹನ್ನೆರಡನೇ ನಿಮಿಷದ ಮಾತನ್ನೆಲ್ಲ ಪಾತ್ರೆಯ ಸಪ್ಪಳದೊಂದಿಗೆ ನೆನಪಿನಿಂದಲೇ ಬರೆದು ಅವಳ ಕಡೆ ಸರಿಸಿದ.

ನಾಗರತ್ನಾ ಓದಿದಳು. ಮೊದಲು ಚನ್ನವ್ವ ಕ್ಷೇಮವಾಗಿದ್ದಾಳೆಂದು ಮುಖ ಅರಳಿತು. ಆಮೇಲೆ ಹುಬ್ಬು ಗಂಟಾದವು.

"ಎಲ್ಲಾರಿಗೂ ಕೇಳೂ ಮಾತ ನನಗೊಬ್ಬಾಕಿಗಿ ಬ್ಯಾಡಂತ ಠರಾವ ಮಾಡಿದವರ ಯಾರ್ರಿ?"

ಶೆಟ್ಟೆಪ್ಪ ಕಿಸೆಯಿಂದ ಲಿಖಿತ ಆದೇಶ ತೆಗೆಯಲು ಕೈ ಹಾಕಿದ. ಐಶ್ವರ್ಯ ಮೊದಲೇ ಬ್ಯಾಗು ಹೆಗಲಿಗೇರಿಸಿದ್ದಳು.

"ನಡೀರಿ ಕಾಕಾ," ಎಂದಳು. "ಮೂಡಲಗಿಗೆ ಹೋಗೂಣು."

ಮೂಡಲಗಿಯ ಮನೆಯ ಬಾಗಿಲು ತೆರೆದವಳು ಚನ್ನವ್ವ. ಹಣೆತುಂಬ ವಿಭೂತಿ, ಕೈಗೆಲ್ಲ ಹಿಟ್ಟು. ಬಾಯಿಯ ಮೇಲೆ ಬೆರಳಿಟ್ಟು, ಒಳಗೆ ಹನ್ನೊಂದನೇ ಪಾಠ ನಡೆದಿದೆ ಎಂದು ಸನ್ನೆ ಮಾಡಿದಳು. ನಾಗರತ್ನಾ ಅವಳನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡಳು.

"ಕಾಕು! ಮಂಡಿನೋವ ಹೆಂಗೈತ್ರಿ? ಎಣ್ಣಿ ತಿಕ್ಕಿಸಿಕೊಂಡ್ರೇನು?"

ಆ ಗಟ್ಟಿ ದನಿಗೆ ಹನ್ನೊಂದನೇ ಪಾಠ ಅಲ್ಲಿಗೇ ನಿಂತಿತು.

"ಯಾರ್ವಾ ನೀ?" ಚನ್ನವ್ವ ಬೆರಗಾದಳು. "ನನ್ನ ಮಂಡಿ ಸುದ್ದಿ ನಿನಗ ಯಾರ ಹೇಳಿದ್ರು?"

"ನಾಕನೇ ಪಾಠದಾಗ ಬಂದೈತ್ರಿ."

ಪಡಸಾಲೆಯಿಂದ ಸೋಮಶೇಖರರು ಕೋಲು ಹಿಡಿದೇ ಹೊರಬಂದರು. ಶೆಟ್ಟೆಪ್ಪನ ಹೆಸರು ಕೇಳಿ ಮೀಸೆ ನಿಮಿರಿತು. ಐಶ್ವರ್ಯ ಹಾಳೆ ಮುಂದೆ ಹಿಡಿದಳು. ಅವರು ತಮ್ಮದೇ ಕೆಂಪು ಅಕ್ಷರ ನೋಡಿ, "ಹೌದು, ಇದು ಅಕ್ಷಮ್ಯ ದೋಷ. ಈ ವಿದ್ಯಾರ್ಥಿನಿಯು ಪಾಠವನ್ನು ಕೇಳ..." ಎಂದು ನಾಗರತ್ನಾಳ ಕಡೆ ತಿರುಗಿದರು. ಅವಳು ಕಣ್ಣು ಕಿರಿದು ಮಾಡಿ ಅವರ ಬಾಯನ್ನೇ ನೋಡುತ್ತಿದ್ದಳು.

"ಸ್ವಲ್ಪ ಬರದ ಹೇಳ್ರಿ ಸರ," ಎಂದಳು ವಿನಯದಿಂದ. "ಈ ಕಾಕಾರ ಮಾತ ತುಟಿ ಮ್ಯಾಲ ತಿಳಿತೈತಿ. ನಿಮ್ಮವು ಎಲ್ಲಾ ಮೀಸ್ಯಾಗ ಸಿಕ್ಕೊಂಡ ಬೀಳತಾವು. ನನಗ ಕಿವಿ ಕೇಳೂದಿಲ್ರಿ."

ಸೋಮಶೇಖರರ ಕೋಲು ಕೆಳಗಿಳಿಯಿತು. ಕೈಯಲ್ಲಿದ್ದ ಹಾಳೆಯನ್ನು ಇನ್ನೊಮ್ಮೆ ಓದಿದರು. ‘ಕಿವಿಗೊಟ್ಟು ಕೇಳತಕ್ಕದ್ದು.’ ಮೂವತ್ತು ವರ್ಷದಿಂದ ಕೈಗೆ ಬಂದ ವಾಕ್ಯ. ಯಾರಿಗೆ ಬರೆಯುತ್ತಿದ್ದೇನೆಂದು ನೋಡದೆ ಬರೆದಿದ್ದರು. ಕುರ್ಚಿ ಹಿಡಿದು ಕುಳಿತರು.

"ಏನ ನಡದೈತಿ? ನನಗ ಯಾರರ ಹೇಳ್ರಿ," ಎಂದಳು ಚನ್ನವ್ವ.

ಶೆಟ್ಟೆಪ್ಪ ಮೊಬೈಲಿನಲ್ಲಿ ಏಳನೇ ಪಾಠ ಹಚ್ಚಿ ಅವಳ ಮುಂದೆ ಹಿಡಿದ. ಚನ್ನವ್ವ ತನ್ನ ದನಿ ಕೇಳಿದಳು, ಕೆಳಗೆ ನೋಡಿದಳು. ಗಂಡನ ಮಾತಿಗೆ ಅಕ್ಷರವಿತ್ತು. ಅವಳ ಮಾತಿಗೆ ಬರೀ ಖಾಲಿ.

"ನಾ ಹೇಳಿದ್ದ ಎಲ್ಲಿ ಹೋತು?"

"ಅದು... ಮನೆತನದ ಮರ್ಯಾದಿ ಪ್ರಶ್ನೆ ಇತ್ತು," ಎಂದರು ಪ್ರಾಧ್ಯಾಪಕರು ನೆಲ ನೋಡುತ್ತ.

"ನೀವ ತಪ್ಪ ಹೇಳಿದ್ದ ಇರತೈತಿ, ನಾ ತಿದ್ದಿದ್ದ ಹೋಗತೈತಿ. ಇದ್ಯಾವ ಮರ್ಯಾದಿರಿ? ಈ ಕೂಸಿನ ಮಾರ್ಕ್ಸು ಹೋಗ್ಯಾವು!"

"ಸರ್ ಅವರದಷ್ಟ ಅಲ್ರಿ," ಎಂದ ಶೆಟ್ಟೆಪ್ಪ. ನಾಗರತ್ನಾಳಿಗೆ ತುಟಿ ಕಾಣುವಂತೆ ಅವಳ ಎದುರಿಗೆ ತಿರುಗಿ ನಿಂತ. "ಬರಿಯೂ ಮುಂದ ನನಗ ಗೊತ್ತಿತ್ತು, ತಂಗಿ. ಇದ ತಪ್ಪ ಅಂತ ಗೊತ್ತಿದ್ದ ಬಿಟ್ಟೆ. ಸಿಟ್ಟಿಲೆ. ಯಾರಿಗೆ ಹತ್ತತೈತಿ ಅಂತ ನೋಡಲಿಲ್ಲ."

ನಾಗರತ್ನಾ ಅವನ ಕೈಯ ಮೊಬೈಲಿನ ಕಡೆ ಬೆರಳು ತೋರಿಸಿದಳು. "ನೀವ ಕುಕ್ಕರ್ ಸೀಟಿ ಸುದ್ದಾ ಎಣಿಸಿ ಬರಿಯಾವ್ರು ಕಾಕಾ," ಎಂದಳು. "ಅದಕ್ಕ ನಿಮ್ಮ ಮ್ಯಾಲ ಭರೋಸಾ ಇಟ್ಟಿದ್ದೆ."

ಬೈದಿದ್ದರೆ ಶೆಟ್ಟೆಪ್ಪನಿಗೆ ಹಗುರವಾಗುತ್ತಿತ್ತು. ಅವನು ಹಳೆಯ ಪಾಠ ತೆರೆದು ಅಲ್ಲೇ ಕೂತು ತಿದ್ದತೊಡಗಿದ. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಚನ್ನವ್ವನಿಗೆ ಇನ್ನೊಂದು ಕಂಡಿತು.

"ಒಳಗಿನ ಧ್ವನಿ ಅಂದ್ರ ಯಾರು?"

"ನೀವ್ರಿ."

"ನನಗ ಹೆಸರಿಲ್ಲೇನು?"

"ಗುರ್ತ ಇಲ್ಲದವರ ಹೆಸರ ಬರಿಯಾಕ ಬರೂದಿಲ್ರಿ, ತಾಯಿ."

ಚನ್ನವ್ವ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. "ಬರಕೋರಿ ಹಂಗಾರ. ಚನ್ನವ್ವ, ಗಂಡನ ಹೆಸರ ಸೋಮಶೇಖರ, ವಯಸ್ಸ ಅರವತ್ತೆರಡ, ಸಾಕೀನ ಮೂಡಲಗಿ." ಶೆಟ್ಟೆಪ್ಪ ತಲೆಬಾಗಿ ಬರೆದುಕೊಂಡ.

ಸೋಮಶೇಖರರು ಅಷ್ಟರಲ್ಲಿ ಕೆಂಪು ಪೆನ್ನು ಹುಡುಕಿ ತಂದಿದ್ದರು. ನಾಗರತ್ನಾಳ ಹಾಳೆಯ ಮೇಲೆ ತಮ್ಮ ಷರಾವನ್ನು ಹೊಡೆದುಹಾಕಿ, ‘ತಪ್ಪು ನನ್ನದು’ ಎಂದು ಬರೆದು ಪೂರ್ತಿ ಸಹಿ ಮಾಡಿದರು. ಮಾರ್ಕ್ಸು ತಿದ್ದಿದರು. ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿಕೊಂಡು ಹನ್ನೊಂದನೇ ಪಾಠವನ್ನು ಮೊದಲಿನಿಂದ ಶುರು ಮಾಡಿದರು. ಕ್ಯಾಮೆರಾ ನೋಡಿ, ಏಳನೇ ಪಾಠದಲ್ಲಿ ನಾನು ಒಂದು ನದಿಯನ್ನು ತಪ್ಪು ಊರಿಗೆ ಕಳಿಸಿದ್ದೆ, ನನ್ನ ಹೆಂಡತಿ ಅದನ್ನು ಸರಿಯಾದ ಊರಿಗೆ ಕರೆತಂದಳು ಎಂದರು. ಆಮೇಲೆ ತಡೆದು, ಮೀಸೆ ಮುಟ್ಟಿಕೊಂಡು ಹೆಂಡತಿಯ ಕಡೆ ತಿರುಗಿದರು.

"ಇದನ್ನ ಸಣ್ಣ ಮಾಡಸಲೇನು?"

"ಮದಿವ್ಯಾದಾಗಿಂದ ಹೇಳಾಕತ್ತೇನಿ," ಎಂದಳು ಚನ್ನವ್ವ. ಶೆಟ್ಟೆಪ್ಪ ಅದನ್ನೂ ಗುರುತು ಹಾಕಿಕೊಂಡ.

ರೊಟ್ಟಿ, ಪುಂಡಿಪಲ್ಲೆ ಉಂಡು ಏಳುವ ಹೊತ್ತಿಗೆ ಮೂರು ಗಂಟೆ. ಐಶ್ವರ್ಯ ಹೊರಡುವ ಮೊದಲು ಶೆಟ್ಟೆಪ್ಪನ ಕಿಸೆಯಿಂದ ಆ ಲಿಖಿತ ಆದೇಶ ಇಸಿದುಕೊಂಡು ಹರಿದು ಒಲೆಗೆ ಹಾಕಿದಳು.

ಗೋಕಾಕದ ಬಸ್ಸು ತುಂಬಿತ್ತು. ಐಶ್ವರ್ಯಳಿಗೆ ಮುಂದೆ ಸೀಟು ಸಿಕ್ಕಿತು, ಶೆಟ್ಟೆಪ್ಪ ಮತ್ತು ನಾಗರತ್ನಾಳಿಗೆ ಹಿಂದೆ. ನಾಗನೂರಿನಲ್ಲಿ ಇಬ್ಬರು ಹೆಂಗಸರು ಹತ್ತಿದರು. ಒಬ್ಬಳ ಬುಟ್ಟಿಯಲ್ಲಿ ಕೋಳಿ, ಇನ್ನೊಬ್ಬಳ ಬುಟ್ಟಿಯಲ್ಲಿ ಟೊಮೆಟೊ. ಕೋಳಿ ಕತ್ತು ಚಾಚಿ ಟೊಮೆಟೊ ಕುಕ್ಕಿತು. ಬಸ್ಸಿನಲ್ಲಿ ಜಗಳ ಹತ್ತಿಕೊಂಡಿತು. ಕಂಡಕ್ಟರ್ ನಡುವೆ ಬಾಯಿ ಹಾಕಿದ. ಕೋಳಿಗೆ ಟಿಕೆಟ್ ಐತೇನು ಎಂದು ಯಾರೋ ಕೇಳಿದರು. ಇಡೀ ಬಸ್ಸು ಹೋ ಎಂದು ನಕ್ಕಿತು.

ನಾಗರತ್ನಾ ಸುತ್ತಲಿನ ಬಾಯಿಗಳನ್ನು ನೋಡಿದಳು. ಎಲ್ಲ ಒಮ್ಮೆಗೇ ಆಡುತ್ತಿದ್ದವು. ಯಾವುದನ್ನು ಹಿಡಿಯುವುದು? ಅವಳು ಶೆಟ್ಟೆಪ್ಪನ ಕಡೆ ತಿರುಗಿದಳು.

ಶೆಟ್ಟೆಪ್ಪ ಕಿಸೆಯಿಂದ ಪೆನ್ನು ತೆಗೆದ. ಅವಳ ನೋಟುಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡು, ಬಸ್ಸು ಕುಲುಕುತ್ತಿದ್ದರೂ ಕೈ ಅಲುಗದಂತೆ ಬರೆಯತೊಡಗಿದ. ಕೋಳಿಯವಳು. ಟೊಮೆಟೊದವಳು. ಕಂಡಕ್ಟರ್. (ಕೋಳಿ ಕೂಗುತ್ತದೆ.) ಟೊಮೆಟೊದವಳು ಒಂದು ಬೈಗುಳ ಎಸೆದಳು. ಅಂಥದ್ದನ್ನು ಅವನು ಕೋರ್ಟಿನಲ್ಲೂ ಕೇಳಿರಲಿಲ್ಲ. ಪೆನ್ನು ತಡವರಿಸಿತು. ಪಕ್ಕದಲ್ಲಿ ಮಗಳ ವಯಸ್ಸಿನ ಹುಡುಗಿ.

ನಾಗರತ್ನಾ ನಿಂತ ಪೆನ್ನನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. "ಏನ ಬಿಟ್ರಿ ಕಾಕಾ?"

ಶೆಟ್ಟೆಪ್ಪ ಕಿವಿ ಕೆಂಪಗೆ ಮಾಡಿಕೊಂಡು, ಕಾಗುಣಿತ ತಪ್ಪದಂತೆ, ಅದನ್ನು ಬರೆದ.

ಬಸ್ಸಿನವರೆಲ್ಲ ನಕ್ಕು ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದಾಗ ಹಿಂದಿನ ಸೀಟಿನಿಂದ ಒಂದು ದೊಡ್ಡ ನಗೆ ಎದ್ದಿತು. ಎಲ್ಲರೂ ಏನಾಯಿತೆಂದು ತಿರುಗಿ ನೋಡಿದರು. ಕೋಳಿಯವಳೂ ನೋಡಿದಳು. ನಾಗರತ್ನಾ ನೋಟುಬುಕ್ಕನ್ನು ಎದೆಗವಚಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಶೆಟ್ಟೆಪ್ಪ ನೋಟುಬುಕ್ಕಿಗಾಗಿ ಅವಸರದಿಂದ ಕೈ ಚಾಚಿದ. ಅಷ್ಟರಲ್ಲಿ ಕಂಡಕ್ಟರ್ ಮತ್ತೇನೋ ಹೇಳಿದ್ದ, ಅದನ್ನಿನ್ನೂ ಬರೆಯಬೇಕಿತ್ತು.